ಕ್ರಾಪಿಗಾಗಿ ದೋಣಿ ಸಜ್ಜು: ಕ್ರ್ಯಾಂಕ್‌ಬೈಟ್ ಎಳೆಯಲು ನಾಲ್ಕು ಕೋಲಿನ ವ್ಯವಸ್ಥೆ

ಹದಿನಾರು ಅಡಿ ಉದ್ದದ, ಚಪ್ಪಟೆ ತಳದ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಅಮೆರಿಕದ ಸಿಹಿನೀರಿನ ಕ್ರಾಪಿ ಮೀನಿನ ಬೇಸಿಗೆ ಬೇಟೆಗೆ ಸಜ್ಜುಗೊಳಿಸಿದ ಕೆಲಸದ ದಾಖಲೆ ಇದು. ದೋಣಿ ನಿಲ್ಲುವುದು ಮೆಂಫಿಸ್ ಹೊರವಲಯದ ನನ್ನ ಮನೆಯ ಗ್ಯಾರೇಜಿನಲ್ಲಿ. ನೀರಿಗಿಳಿಯುವುದು ಇಂಟರ್‌ಸ್ಟೇಟ್ 55ರಲ್ಲಿ ದಕ್ಷಿಣಕ್ಕೆ ಗಂಟೆಗೂ ತುಸು ಹೆಚ್ಚಿನ ದಾರಿ ಹೋದರೆ ಸಿಗುವ, ಮಿಸಿಸಿಪ್ಪಿ ರಾಜ್ಯದ ಎನಿಡ್ ಜಲಾಶಯದಲ್ಲಿ. ಗಾಳ ಹಾಕಿ ಗೊತ್ತಿದ್ದು, ಓಡುವ ದೋಣಿಯ ಹಿಂದೆ ಬೈಟ್ ಎಳೆದು ಗೊತ್ತಿಲ್ಲದವರಿಗಾಗಿ ಬರೆದಿದ್ದೇನೆ. ಬೈಟ್ ಎಂದರೆ ಇಲ್ಲಿ ಕ್ರ್ಯಾಂಕ್‌ಬೈಟ್: ಎಳೆದಾಗ ನೀರಿನಲ್ಲಿ ಇಳಿದು ನಡುಗುತ್ತ ಓಡುವ, ಸಣ್ಣ ಮೀನಿನಂತಿರುವ ಕೃತಕ ಆಮಿಷ. ನನ್ನ ವಾದ ಒಂದೇ: ಈ ವಿದ್ಯೆಯಲ್ಲಿ ಬೈಟಿನ ಬಣ್ಣಕ್ಕಿಂತ ಅಳತೆ ದೊಡ್ಡದು. ಮೀನು ಕಚ್ಚಿದಾಗ ಆ ಬೈಟ್ ಎಷ್ಟು ಅಡಿ ಹಿಂದೆ, ಎಷ್ಟು ಆಳದಲ್ಲಿ, ಯಾವ ವೇಗದಲ್ಲಿ ಓಡುತ್ತಿತ್ತು ಎಂದು ಹೇಳಲಾಗದಿದ್ದರೆ ಎರಡನೆಯ ಮೀನು ಸಿಕ್ಕರೂ ಅದು ಅದೃಷ್ಟದ ಲೆಕ್ಕ. ಆದ್ದರಿಂದ ಹಣವನ್ನೂ ಸಮಯವನ್ನೂ ಅಳತೆಯ ಮೇಲೆಯೇ ಸುರಿದೆ. ಬೈಟುಗಳನ್ನು ಕೊಂಡದ್ದು ಕೊನೆಗೆ.

ಸ್ವಲ್ಪ ಹಿನ್ನೆಲೆ. ಕ್ರಾಪಿಯಲ್ಲಿ ಬಿಳಿಯದು, ಕಪ್ಪನೆಯದು ಎಂದು ಎರಡು ಜಾತಿಗಳಿವೆ. ಮೈಬಣ್ಣ ನಂಬಬೇಡಿ, ಬೆನ್ನಿನ ಈಜುರೆಕ್ಕೆಯ ಮುಳ್ಳುಗಳನ್ನು ಎಣಿಸಿ: ಬಿಳಿಯದಕ್ಕೆ ಸಾಮಾನ್ಯವಾಗಿ ಐದಾರು, ಕಪ್ಪಿಗೆ ಏಳೆಂಟು. ಎರಡಕ್ಕೂ ಬಾಯಿಯ ಪೊರೆ ಬಹಳ ತೆಳು, ಜೋರಾಗಿ ಎಳೆದರೆ ಹರಿದು ಗಾಳ ಕೈಗೆ ಬರುತ್ತದೆ. ಎರಡೂ ತಮಗಿಂತ ಮೇಲೆ ಈಜುವುದನ್ನು ನೋಡಿ ಏರಿ ಬಂದು ತಿನ್ನುತ್ತವೆ, ಕೆಳಗಿಳಿದು ತಿನ್ನುವುದು ಕಡಿಮೆ. ಈ ಎರಡು ಸಂಗತಿಗಳು ಮುಂದಿನ ಅರ್ಧ ನಿರ್ಧಾರಗಳನ್ನು ತಾವೇ ಮಾಡಿಬಿಡುತ್ತವೆ.

ವಾಯವ್ಯ ಮಿಸಿಸಿಪ್ಪಿಯಲ್ಲಿ ಪ್ರವಾಹ ತಡೆಯಲು ಅಮೆರಿಕದ ಸೇನೆಯ ಎಂಜಿನಿಯರುಗಳ ದಳ ಕಟ್ಟಿದ ನಾಲ್ಕು ಜಲಾಶಯಗಳಿವೆ: ಆರ್ಕಬಟ್ಲಾ, ಸಾರ್ಡಿಸ್, ಎನಿಡ್, ಗ್ರೆನಾಡಾ. ಮೊದಲನೆಯದಾದ ಸಾರ್ಡಿಸ್ ಮುಗಿದದ್ದು 1940ರಲ್ಲಿ, ಕೊನೆಯದಾದ ಗ್ರೆನಾಡಾ 1954ರಲ್ಲಿ. ಬಿಳಿ ಕ್ರಾಪಿಯ ವಿಶ್ವದಾಖಲೆ, 5 ಪೌಂಡ್ 3 ಔನ್ಸ್ ತೂಕದ ಮೀನು, 1957ರ ಜುಲೈನಲ್ಲಿ ಎನಿಡ್ ಅಣೆಕಟ್ಟೆಯ ಬಳಿ ಸಿಕ್ಕಿತು. ಅದು ಇನ್ನೂ ಮುರಿದಿಲ್ಲ. ಪ್ರವಾಹದ ಜಲಾಶಯವಾದ್ದರಿಂದ ಎನಿಡ್‌ನ ನೀರಿನ ಮಟ್ಟ ಬೇಸಿಗೆಯಲ್ಲಿ ಸಮುದ್ರಮಟ್ಟದಿಂದ 250 ಅಡಿ, ಚಳಿಗಾಲದಲ್ಲಿ 230. ಒಂದೇ ವರ್ಷದಲ್ಲಿ ಇಪ್ಪತ್ತು ಅಡಿ ಇಳಿತ. ಜೂನ್‌ನಲ್ಲಿ ಯಾವ ಮರದ ಬುಡದ ಮೇಲೆ ಬೈಟ್ ಸಲೀಸಾಗಿ ಸಾಗುತ್ತದೋ ಅಕ್ಟೋಬರ್‌ನಲ್ಲಿ ಅದೇ ಬುಡ ಬೈಟನ್ನು ನುಂಗುತ್ತದೆ. ಗುರುತು ಹಾಕಿಟ್ಟ ಜಿಪಿಎಸ್ ಬಿಂದುಗಳ ಪಕ್ಕದಲ್ಲಿ ಅಂದಿನ ನೀರಿನ ಮಟ್ಟವನ್ನೂ ಬರೆದಿಡುವುದು ಅದಕ್ಕೇ.

ವಸಂತದಲ್ಲಿ ಮೊಟ್ಟೆಯಿಡಲು ದಡದ ಪೊದೆಗಳ ಬಳಿಗೆ ಬರುವ ಕ್ರಾಪಿ, ಬಿಸಿಲು ಏರಿದ ಮೇಲೆ ಶ್ಯಾಡ್ ಎಂಬ ಸಣ್ಣ ಮೀನಿನ ಹಿಂಡಿನ ಬೆನ್ನುಹತ್ತಿ ಬಯಲು ನೀರಿಗೆ ಹೋಗುತ್ತದೆ. ತಳಕ್ಕೂ ಅಂಟದೆ, ಮೇಲಕ್ಕೂ ಬರದೆ ನಡುನೀರಿನಲ್ಲಿ ಚದುರಿ ನಿಲ್ಲುತ್ತದೆ. ಆಗ ಒಂದೇ ಕಡೆ ಕುಳಿತು ಗಾಳ ಇಳಿಬಿಟ್ಟರೆ ಪ್ರಯೋಜನವಿಲ್ಲ, ನೀರನ್ನು ಗುಡಿಸುತ್ತ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಜಲಾಶಯಗಳಲ್ಲಿ ಕ್ರ್ಯಾಂಕ್‌ಬೈಟ್ ಎಳೆಯುವವರ ದೋಣಿಗಳು ಕಾಣುವುದು ಇದೇ ಕಾರಣಕ್ಕೆ.

ಅಂಚಿನ ಹಳಿ

ಒಬ್ಬನೇ ಹೋಗುವುದು ಹೆಚ್ಚಾದ್ದರಿಂದ ನಾಲ್ಕೇ ಕೋಲು ಎಂದು ನಿಶ್ಚಯಿಸಿದೆ: ಎರಡೂ ಮಗ್ಗುಲಿಗೆ 14 ಅಡಿಯದು ಒಂದು, 8 ಅಡಿಯದು ಒಂದು. ಒಬ್ಬರಿಗೆ ಎಷ್ಟು ಕೋಲು, ಎಷ್ಟು ಇಂಚಿಗಿಂತ ಚಿಕ್ಕ ಮೀನನ್ನು ಬಿಡಬೇಕು, ದಿನಕ್ಕೆ ಎಷ್ಟು ಮೀನು ಎಂಬ ನಿಯಮಗಳು ರಾಜ್ಯಕ್ಕೊಂದು ಮಾತ್ರವಲ್ಲ, ಜಲಾಶಯಕ್ಕೊಂದು. ಕೋಲು ಸಿಕ್ಕಿಸಿಡುವ ಹೋಲ್ಡರ್ ಕೊಳ್ಳುವ ಮೊದಲೇ ಈ ವರ್ಷದ ನಿಯಮ ಓದಿಕೊಳ್ಳಿ. ನನ್ನಂತೆ ಟೆನೆಸಿಯಲ್ಲಿದ್ದು ಮಿಸಿಸಿಪ್ಪಿಗೆ ಹೋಗುವವರು ಹೊರರಾಜ್ಯದವರ ಪರವಾನಗಿಯನ್ನೂ ತೆಗೆಸಬೇಕು.

ಉದ್ದದ ಕೋಲು ದೋಣಿಗೆ ಅಡ್ಡಲಾಗಿ ಹೊರಚಾಚಿರುತ್ತದೆ, ಗಿಡ್ಡದು ಹಿಂದಕ್ಕೆ ವಾರೆಯಾಗಿ. ದೋಣಿಯ ಅಗಲವೂ ಸೇರಿ ಸುಮಾರು ಮೂವತ್ತು ಅಡಿಯ ಹಾಸು ಸಿಗುತ್ತದೆ. ಹೋಲ್ಡರ್‌ಗಳನ್ನು ನೇರವಾಗಿ ದೋಣಿಯ ಅಂಚಿಗೆ ತಿರುಪಿನಿಂದ ಬಿಗಿಯುವವರಿದ್ದಾರೆ. ತೆಳು ಅಲ್ಯೂಮಿನಿಯಂ ತಗಡಿಗೆ ಅದು ಹಿಡಿಸುವ ಕೆಲಸವಲ್ಲ. ಲೆಕ್ಕ ಹಾಕಿ ನೋಡಿ: 14 ಅಡಿಯ ಕೋಲಿನಲ್ಲಿ ಹೋಲ್ಡರ್‌ನಿಂದ ತುದಿಗೆ ಸುಮಾರು 12 ಅಡಿ. ಬೈಟ್ ಮರದ ಬುಡಕ್ಕೆ ಸಿಕ್ಕಿಕೊಂಡು 10 ಪೌಂಡಿನ ದಾರ ಹರಿಯುವ ಮಟ್ಟಕ್ಕೆ ಬಿಗಿದರೆ ಹೋಲ್ಡರ್‌ನ ಬುಡದಲ್ಲಿ 120 ಅಡಿ-ಪೌಂಡ್ ತಿರುಚುಬಲ. ಕಾರಿನ ಚಕ್ರದ ನಟ್ಟುಗಳನ್ನು ಬಿಗಿಯುವುದು ಹೆಚ್ಚುಕಡಿಮೆ ಅಷ್ಟೇ ಬಲದಿಂದ. ರೀಲಿನ ಡ್ರ್ಯಾಗ್ ಅನ್ನು, ಅಂದರೆ ಬಲ ಮೀರಿದಾಗ ದಾರವನ್ನು ಜಾರಬಿಡುವ ತಡೆಯನ್ನು, ಎರಡು ಪೌಂಡಿಗೇ ಜಾರುವಂತೆ ಸಡಿಲಿಸಿಟ್ಟರೆ ಅದು 24ಕ್ಕೆ ಇಳಿಯುತ್ತದೆ. ಅಂದರೆ ಡ್ರ್ಯಾಗ್ ಕಾಪಾಡುವುದು ಮೀನಿನ ಬಾಯಿಯನ್ನು ಮಾತ್ರವಲ್ಲ, ದೋಣಿಯ ಅಂಚನ್ನೂ.

ಹಾಗಾಗಿ ಎರಡೂ ಅಂಚುಗಳ ಮೇಲೆ, ಹಿಂಬದಿಯ ಆಸನದ ಕೈಯಳತೆಯಲ್ಲಿ, ಮೂರು ಅಡಿ ಉದ್ದದ ಎರಡಿಂಚಿನ ಚೌಕ ಅಲ್ಯೂಮಿನಿಯಂ ಕೊಳವೆಗಳನ್ನು ಹಳಿಯಂತೆ ಕೂರಿಸಿದೆ. ಗೋಡೆಯ ದಪ್ಪ ಇಂಚಿನ ಎಂಟನೇ ಒಂದು ಭಾಗ. ಅಂಚಿನ ಕೆಳಗಿನಿಂದ ಅಷ್ಟೇ ಉದ್ದದ ಅಲ್ಯೂಮಿನಿಯಂ ಪಟ್ಟಿಯನ್ನು ಆಧಾರವಾಗಿ ಕೊಟ್ಟು, ತುಕ್ಕುಹಿಡಿಯದ ಉಕ್ಕಿನ ಬೋಲ್ಟುಗಳನ್ನು ಆರಪಾರವಾಗಿ ತೂರಿಸಿ, ನೈಲಾನ್ ಒಳಪದರದ ನಟ್ಟುಗಳಿಂದ ಬಿಗಿದೆ. ಬೋಲ್ಟ್ ಬಿಗಿದಂತೆ ಟೊಳ್ಳು ಕೊಳವೆ ಒಳಕ್ಕೆ ಕುಸಿಯುತ್ತದೆ. ಅದನ್ನು ತಡೆಯಲು ಪ್ರತಿ ಬೋಲ್ಟಿನ ಸುತ್ತ, ಕೊಳವೆಯ ಒಳ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ ಸಣ್ಣ ಗುಂಡುಕೊಳವೆಯ ತುಂಡನ್ನು ಇಟ್ಟೆ. ಇಡೀ ಕೆಲಸದಲ್ಲಿ ಬೇಸರದ ಭಾಗ ಇದೇ. ಆ ತುಂಡನ್ನು ಕೊಳವೆಯೊಳಗೆ ತೂತಿನ ನೇರಕ್ಕೆ ತಂದು ನಿಲ್ಲಿಸಲು ಉದ್ದನೆಯ ಮರದ ಕಡ್ಡಿಯ ತುದಿಗೆ ಅಂಟುಪಟ್ಟಿ ಸುತ್ತಿಕೊಂಡು ತಳ್ಳಬೇಕಾಯಿತು.

ಕೊಳವೆಯ ಬದಲು ಮರದ ಹಲಗೆ ಅಗ್ಗ. ಆದರೆ ಮನೆಯ ಜಗಲಿಗೆಂದು ಮಾರುವ, ರಾಸಾಯನಿಕ ಉಣಿಸಿದ ಹಲಗೆಯನ್ನು ಅಲ್ಯೂಮಿನಿಯಂ ದೋಣಿಗೆ ತಾಗಿಸಬೇಡಿ. ಅದರಲ್ಲಿರುವ ತಾಮ್ರ, ಒದ್ದೆಯಾದಾಗ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಸಾದಾ ಹಲಗೆಗೆ ಬಣ್ಣ ಬಳಿದು ಬಳಸಬಹುದು. ಉಕ್ಕಿನ ಬೋಲ್ಟುಗಳಿಗೂ ಅಲ್ಯೂಮಿನಿಯಂಗೂ ನಡುವೆ ನೈಲಾನ್ ವಾಷರ್ ಹಾಕಿದ್ದು ಇದೇ ಬಗೆಯ ಸವೆತವನ್ನು ತಡೆಯಲು. ಸಿಹಿನೀರಿನಲ್ಲಿ ಇದು ನಿಧಾನದ ಕಾಯಿಲೆ, ಆದರೆ ಕಾಯಿಲೆಯೇ.

ಹೋಲ್ಡರ್‌ಗಳ ಕೋನವನ್ನು ಹಲ್ಲುಚಕ್ರದಿಂದ ಬದಲಿಸಬಹುದು. ಸರಿಯಾದ ಕೋನ ಸಿಕ್ಕ ಮೇಲೆ ಎರಡೂ ಹಲ್ಲುಗಳ ಮೇಲೆ ಬಿಳಿ ಬಣ್ಣದ ಗೆರೆ ಎಳೆದೆ. ಕೋಲಿನ ತುದಿಗಳು ನೀರಿನಿಂದ ಎರಡು ಅಡಿಯೊಳಗೆ ಇರಬೇಕು. ತುದಿ ಮೇಲಿದ್ದಷ್ಟೂ ಬೈಟಿನ ಆಳ ತಗ್ಗುತ್ತದೆ, ಗಾಳಿ ದಾರವನ್ನು ಬಿಲ್ಲಿನಂತೆ ಬಾಗಿಸುತ್ತದೆ.

ಮೋಟಾರು, ಬ್ಯಾಟರಿ

ಇದನ್ನು ಬೇಗ ಮುಗಿಸುತ್ತೇನೆ. ಕ್ರಾಪಿಗೆ ಬೇಕಾದ ವೇಗ ಗಂಟೆಗೆ ಒಂದೂವರೆಯಿಂದ ಎರಡು ಮೈಲಿಯ ಒಳಗೆ. ನನ್ನ 25 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಎಷ್ಟು ತಗ್ಗಿಸಿದರೂ ಎರಡು ಮೈಲಿ ದಾಟುತ್ತದೆ. ಹಾಗಾಗಿ ಎಳೆಯುವ ಕೆಲಸ ಮುಂಭಾಗದ ವಿದ್ಯುತ್ ಮೋಟಾರಿನದು: 12 ವೋಲ್ಟ್, 55 ಪೌಂಡ್ ತಳ್ಳುಬಲ, ಜಿಪಿಎಸ್ ಆಧಾರದ ಮೇಲೆ ವೇಗವನ್ನೂ ದಿಕ್ಕನ್ನೂ ತಾನೇ ಹಿಡಿದಿಡುವಂಥದ್ದು. ಮೋಟಾರು ಮುಂದಿದ್ದರೆ ದೋಣಿ ಎಳೆದತ್ತ ಬರುತ್ತದೆ, ಹಿಂದಿದ್ದರೆ ಗಾಳಿಗೆ ಮುಂಭಾಗ ಅಲೆದಾಡುತ್ತದೆ. ದಾರಗಳೆಲ್ಲ ಹಿಂದಿರುವುದರಿಂದ ಮೋಟಾರಿನ ಪಂಖಕ್ಕೆ ಸುತ್ತಿಕೊಳ್ಳುವ ಭಯವೂ ಇಲ್ಲ. ಪೂರ್ಣ ವೇಗದಲ್ಲಿ ಈ ಮೋಟಾರು 50 ಆಂಪಿಯರ್ ಎಳೆಯುತ್ತದೆ, ಆದ್ದರಿಂದ ಬ್ಯಾಟರಿಯ ಪಕ್ಕದಲ್ಲೇ 60 ಆಂಪಿಯರ್‌ನ ಬ್ರೇಕರ್, ಅಲ್ಲಿಂದ ಮುಂಭಾಗದವರೆಗೆ 6 ಗೇಜ್ ತಂತಿ. 1.6 ಮೈಲಿ ವೇಗದಲ್ಲಿ, ಗಾಳಿಯಿಲ್ಲದ ದಿನ, ಮೀಟರ್ ಹಿಡಿದು ನೋಡಿದರೆ ಸುಮಾರು 20 ಆಂಪಿಯರ್. 100 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಗೆ ಐದು ಗಂಟೆ. ಅದೇ ಅಳತೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದಾದ್ದರಿಂದ ಅದರಲ್ಲಿ ಎರಡೂವರೆ ಗಂಟೆ. ಎದುರುಗಾಳಿಗೆ ಇವೆರಡನ್ನೂ ಕಡಿಮೆ ಮಾಡಿಕೊಳ್ಳಿ.

ರೀಲು: ಎಲ್ಲದರ ತಿರುಳು

ದಾರ ಎಷ್ಟು ಅಡಿ ಹೊರಗೆ ಹೋಗಿದೆ ಎಂದು ಅಂಕಿಯಲ್ಲಿ ತೋರಿಸುವ ಎಣಿಕೆ ರೀಲುಗಳಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಓಕುಮಾ, ಡೈವಾ ಎರಡೂ ಕಂಪನಿಗಳ ಅಗ್ಗದ ಮಾದರಿಗಳು ಸಾಕು. ಆದರೆ ನಾಲ್ಕೂ ಒಂದೇ ಮಾದರಿಯವು ಇರಲಿ.

ಪೆಟ್ಟಿಗೆಯಿಂದ ತೆಗೆದ ರೀಲು ನಿಜ ಹೇಳುತ್ತದೆ ಎಂದು ನಂಬುವಂತಿಲ್ಲ. ಅದು ಅಳೆಯುವುದು ದಾರವನ್ನಲ್ಲ, ಸುರುಳಿಯ ಸುತ್ತುಗಳನ್ನು. ಸುರುಳಿ ತುಂಬಿದ್ದಾಗ ಒಂದು ಸುತ್ತಿಗೆ ಹೆಚ್ಚು ದಾರ ಬಿಡುತ್ತದೆ, ಅರ್ಧ ಖಾಲಿಯಿದ್ದಾಗ ಕಡಿಮೆ. ತಯಾರಕರು ಒಂದು ನಿರ್ದಿಷ್ಟ ತುಂಬುವಿಕೆಗೆ ಲೆಕ್ಕ ಕಟ್ಟಿರುತ್ತಾರೆ. ನೀವು ಕಡಿಮೆ ತುಂಬಿದರೆ, ಅಂಕಿ 100 ಎಂದಾಗ ನೀರಿನಲ್ಲಿರುವುದು 90 ಅಡಿಯೂ ಆಗಬಹುದು. ಸರಿ-ತಪ್ಪಿಗಿಂತ ದೊಡ್ಡ ತೊಂದರೆ, ನಾಲ್ಕು ರೀಲುಗಳು ನಾಲ್ಕು ಮಾತು ಹೇಳುವುದು. ಎಡಗಡೆಯ 65ರಲ್ಲಿ ಮೀನು ಕಚ್ಚಿತು ಎಂದು ಬಲಗಡೆಯನ್ನೂ 65ಕ್ಕೆ ಬಿಟ್ಟರೆ ಎರಡೂ ಬೇರೆ ಆಳಗಳಲ್ಲಿ ಓಡುತ್ತಿರುತ್ತವೆ.

ಸರಿಪಡಿಸುವ ವಿಧಾನ ಸರಳ, ಸ್ವಲ್ಪ ಜಾಗ ಬೇಕು. ಭಾನುವಾರ ಖಾಲಿಯಿದ್ದ ವಾಹನ ನಿಲ್ದಾಣದಲ್ಲಿ 100 ಅಡಿಯ ಅಳತೆಪಟ್ಟಿ ಹಾಸಿದೆ. ಕೋಲನ್ನು ಒಂದು ತುದಿಯಲ್ಲಿ ನಿಲ್ಲಿಸಿ, ಅಂಕಿಯನ್ನು ಸೊನ್ನೆ ಮಾಡಿ, ದಾರದ ತುದಿ ಹಿಡಿದು ಇನ್ನೊಂದು ತುದಿಗೆ ನಡೆದೆ. ರೀಲು 100ಕ್ಕಿಂತ ಹೆಚ್ಚು ತೋರಿಸಿದರೆ ಸುರುಳಿ ಬಡಕಲಾಗಿದೆ, ಅಡಿಯಲ್ಲಿ ಇನ್ನಷ್ಟು ಹಳೆಯ ದಾರ ಸುತ್ತಬೇಕು. ಕಡಿಮೆ ತೋರಿಸಿದರೆ ಬಿಚ್ಚಬೇಕು. ನಾಲ್ಕೂ ರೀಲುಗಳು ಒಂದೆರಡು ಅಡಿಯ ಒಳಗೆ ಒಪ್ಪುವವರೆಗೆ ಇದನ್ನೇ ಮಾಡಿದೆ. ದೂರದಲ್ಲಿ ನಿಂತಿದ್ದ ಭದ್ರತಾ ಸಿಬ್ಬಂದಿಗೆ ನಾನು ಏನು ಹಿಡಿಯುತ್ತಿದ್ದೇನೆ ಎಂದು ಅರ್ಥವಾಗಲಿಲ್ಲ, ಕೇಳುವ ಕುತೂಹಲವೂ ಇರಲಿಲ್ಲ.

ದಾರ 10 ಪೌಂಡಿನ ನೈಲಾನ್ ಮಾನೋ (ಹೆಣೆಯದ, ಒಂದೇ ಎಳೆಯ ದಾರ), ಕಣ್ಣಿಗೆ ಹೊಡೆಯುವ ಹಳದಿ. ಹೆಣೆದ ದಾರ ತೆಳುವಾಗಿರುವುದರಿಂದ ಬೈಟ್ ಇನ್ನೂ ಆಳಕ್ಕೆ ಹೋಗುತ್ತದೆ ನಿಜ. ಆದರೆ ಅದು ಹಿಗ್ಗುವುದಿಲ್ಲ, ಕ್ರಾಪಿಯ ಬಾಯಿ ಹರಿಯುತ್ತದೆ. ಮಾನೋದ ಹಿಗ್ಗು ಮತ್ತು ಕೋಲಿನ ಮೆದುತನ ಸೇರಿ ಆ ಹೊಡೆತವನ್ನು ನುಂಗಿಕೊಳ್ಳುತ್ತವೆ. ನಾಲ್ಕರಲ್ಲೂ ಒಂದೇ ಕಂಪನಿಯ, ಒಂದೇ ದಪ್ಪದ ದಾರ ಇರಬೇಕು. ಪೌಂಡಿನ ಅಂಕಿ ಒಂದೇ ಇದ್ದರೂ ಕಂಪನಿಯಿಂದ ಕಂಪನಿಗೆ ದಪ್ಪ ಬೇರೆ, ದಪ್ಪ ಬೇರೆಯಾದರೆ ಆಳವೂ ಬೇರೆ.

ಬೈಟ್

ಕೊಂಡದ್ದು ಹೆಚ್ಚಾಗಿ ಬ್ಯಾಂಡಿಟ್ 300: ಎರಡು ಇಂಚು ಉದ್ದ, ಔನ್ಸಿನ ಎಂಟನೇ ಮೂರು ಭಾಗ ತೂಕ, ಮುಂದೆ ಪಾರದರ್ಶಕ ತುಟಿ. ಕಂಪನಿಯ ಮೂಲ ಪಕ್ಕದ ಸಾರ್ಡಿಸ್ ಪಟ್ಟಣ. ಸುಮ್ಮನಿದ್ದರೆ ತೇಲುತ್ತದೆ, ಎಳೆದರೆ ತುಟಿಗೆ ನೀರು ಒತ್ತಿ ತಲೆ ಕೆಳಗಾಗಿ ನಡುಗುತ್ತ ಇಳಿಯುತ್ತದೆ. ಆಳ ಕಡಿಮೆಯಿರುವ ಕಡೆಗೆಂದು 200ನ್ನೂ ಒಂದಷ್ಟು ಇಟ್ಟುಕೊಂಡೆ. ಬಣ್ಣದ ಬಗ್ಗೆ ಇಲ್ಲಿಯ ಹಳಬರು ಗುಲಾಬಿಯ ಮೇಲೆ ಆಣೆ ಮಾಡುತ್ತಾರೆ. ಕೆಸರುಬಣ್ಣದ ಈ ನೀರಿನಲ್ಲಿ ಗಾಢ ಬಣ್ಣ ಎದ್ದು ಕಾಣುತ್ತದೆಂಬುದು ಒಪ್ಪುವ ಮಾತು. ಅದರಾಚೆಗಿನ ಚುಕ್ಕಿ, ಗೆರೆ, ಹೊಳಪುಗಳ ಚರ್ಚೆಗೆ ನನ್ನಲ್ಲಿ ತಾಳ್ಮೆಯಿಲ್ಲ.

ಹೊಸ ಬೈಟುಗಳಲ್ಲಿ ಕೆಲವು ನೆಟ್ಟಗೆ ಓಡುವುದಿಲ್ಲ. ಪ್ರತಿಯೊಂದನ್ನೂ ದೋಣಿಯ ಪಕ್ಕದಲ್ಲೇ ಆರಡಿ ದಾರದಲ್ಲಿ, ನಿಜವಾದ ವೇಗದಲ್ಲಿ ಎಳೆದು ನೋಡಬೇಕು. ನಿಧಾನಕ್ಕೆ ಎಳೆದಾಗ ಸರಿಯಿದ್ದು, ವೇಗ ಹೆಚ್ಚಿದಾಗ ಮಗ್ಗುಲಿಗೆ ಜಾರುವವೂ ಉಂಟು. ಬಲಕ್ಕೆ ಓಡಿದರೆ, ದಾರ ಕಟ್ಟುವ ತಂತಿಯ ಕುಣಿಕೆಯನ್ನು ಸಣ್ಣ ಇಕ್ಕಳದಿಂದ ಎಡಕ್ಕೆ ಬಾಗಿಸಬೇಕು, ಕಣ್ಣಿಗೆ ಕಂಡೂ ಕಾಣದಷ್ಟು. ತಿರುಚಬಾರದು, ಬಾಗಿಸಬೇಕು. ತಿರುಚಿದರೆ ಪ್ಲಾಸ್ಟಿಕ್ ಸೀಳಿ ನೀರು ಒಳಹೊಗುತ್ತದೆ. ನಾಲ್ಕು ದಾರಗಳು ಹತ್ತಿರ ಹತ್ತಿರ ಓಡುವಾಗ ಒಂದು ವಕ್ರ ಬೈಟ್ ಉಳಿದ ಮೂರನ್ನೂ ಹೆಣೆದುಬಿಡುತ್ತದೆ, ಅದನ್ನು ಬಿಡಿಸುವ ಹೊತ್ತಿಗೆ ಕತ್ತರಿಯೇ ಅಗ್ಗ ಅನಿಸುತ್ತದೆ.

ಸಿಕ್ಕಿಕೊಂಡ ಬೈಟ್ ಬಿಡಿಸಲು ಗ್ಯಾರೇಜಿನಲ್ಲೇ ಒಂದು ಸಾಧನ ಮಾಡಿದೆ. ಐದು ಔನ್ಸಿನ ಸೀಸದ ಗುಂಡು, ಅದರ ಎರಡು ಕಡೆ ದಾರಕ್ಕೆ ಕೊಕ್ಕೆ ಹಾಕುವ ಕ್ಲಿಪ್ಪುಗಳು, ಕೆಳಗೆ ನಾಲ್ಕಿಂಚಿನ ಸರಪಳಿ, ಮೇಲೆ ಗಟ್ಟಿ ಹುರಿ. ದೋಣಿಯನ್ನು ಹಿಂದಕ್ಕೆ ತಂದು ಬೈಟಿನ ನೆತ್ತಿಯ ಮೇಲೆ ನಿಲ್ಲಿಸಿ, ಗುಂಡನ್ನು ದಾರದ ಗುಂಟ ಜಾರಿಬಿಟ್ಟು ಎರಡು ಮೂರು ಬಾರಿ ಕುಟ್ಟಿದರೆ ಬೈಟ್ ಹಿಂದಕ್ಕೆ ಕಳಚಿಕೊಳ್ಳುತ್ತದೆ. ಕಳಚದಿದ್ದರೆ ಸರಪಳಿ ಗಾಳಕ್ಕೆ ಸಿಕ್ಕಿ ಹುರಿಯ ಬಲದಿಂದ ಕಿತ್ತುಬರುತ್ತದೆ.

ನೀರಿನಲ್ಲಿ

ಮೊದಲು ಮೀನು ಹಿಡಿಯಲು ಹೋಗಬೇಡಿ, ಆಳ ಅಳೆಯಲು ಹೋಗಿ. ಶಬ್ದದ ಅಲೆಗಳಿಂದ ತಳವನ್ನೂ ಮೀನನ್ನೂ ಪರದೆಯಲ್ಲಿ ತೋರಿಸುವ ಸೋನಾರ್ ನೋಡಿಕೊಂಡು, ಬುಡಗಳಿಲ್ಲದ ಸಮತಟ್ಟಾದ ಹತ್ತು ಅಡಿಯ ಕೆಸರುತಳ ಹುಡುಕಿದೆ. ವೇಗ 1.6 ಮೈಲಿಗೆ ಕಟ್ಟಿ, ಒಂದೇ ಕೋಲಿನಲ್ಲಿ ಬೈಟ್ ಬಿಟ್ಟು, ಐದೈದು ಅಡಿ ದಾರ ಹೆಚ್ಚಿಸುತ್ತ ಹೋದೆ. ಬೈಟ್ ನಡುನೀರಿನಲ್ಲಿದ್ದಾಗ ಕೋಲಿನ ತುದಿ ಒಂದೇ ಸಮನೆ ಮಿಡಿಯುತ್ತದೆ. ತಳಕ್ಕೆ ತಾಗಿದ ಕ್ಷಣ ಮಿಡಿತ ತಪ್ಪಿ ತಟ್ಟಿದಂತಾಗುತ್ತದೆ. ನನ್ನ ದಾರ, ನನ್ನ ವೇಗದಲ್ಲಿ 300 ಹತ್ತು ಅಡಿ ಮುಟ್ಟಿದ್ದು ಸುಮಾರು 65ರಲ್ಲಿ. ಎಂಟು ಅಡಿಯ ತಳದಲ್ಲೂ ಹನ್ನೆರಡು ಅಡಿಯ ತಳದಲ್ಲೂ ಇದೇ ಪರೀಕ್ಷೆ ಮಾಡಿ, ಅಂಕಿಗಳನ್ನು ನೀರಿಗೆ ಅಳಿಯದ ಶಾಯಿಯಲ್ಲಿ ಹಳಿಯ ಮೇಲೆಯೇ ಬರೆದೆ. ಆಳ ಹೆಚ್ಚಿದಂತೆ ಪ್ರತಿ ಅಡಿಗೂ ಮೊದಲಿಗಿಂತ ಹೆಚ್ಚು ದಾರ ಬೇಕಾಗುತ್ತದೆ, ಏಕೆಂದರೆ ನೀರಿನಲ್ಲಿರುವ ದಾರವೇ ಬೈಟನ್ನು ಮೇಲಕ್ಕೆ ಎಳೆಯುತ್ತಿರುತ್ತದೆ. ಒಂದು ಹಂತದ ಆಚೆಗೆ ಎಷ್ಟು ಬಿಟ್ಟರೂ ಅದು ಇಳಿಯುವುದಿಲ್ಲ. ವೇಗದಲ್ಲಿ ಸಣ್ಣ ಬದಲಾವಣೆಯಾದರೆ ಆಳ ಹೆಚ್ಚು ಬದಲಾಗುವುದಿಲ್ಲ. ದಾರದ ಉದ್ದ ಮತ್ತು ದಪ್ಪವೇ ಮುಖ್ಯ.

ಮೀನು ಹುಡುಕುವಾಗ ಉದ್ದದ ಕೋಲುಗಳೆರಡನ್ನೂ ಒಂದು ಅಳತೆಗೆ, ಗಿಡ್ಡದವನ್ನು ಇನ್ನೊಂದು ಅಳತೆಗೆ ಬಿಡುತ್ತೇನೆ. ಸೋನಾರ್‌ನಲ್ಲಿ ಮೀನು ಹನ್ನೆರಡು ಅಡಿಯಲ್ಲಿ ಕಂಡರೆ ಬೈಟ್ ಹತ್ತರಲ್ಲಿ, ಹನ್ನೊಂದರಲ್ಲಿ ಓಡಬೇಕು. ಮೀನಿನ ಕೆಳಗೆ ಓಡಿದ ಬೈಟ್ ಅದಕ್ಕೆ ಕಾಣುವುದೇ ಇಲ್ಲ. 1.6 ಮೈಲಿ ಎಂದರೆ ಸೆಕೆಂಡಿಗೆ ಎರಡೂಕಾಲು ಅಡಿಗಿಂತ ತುಸು ಹೆಚ್ಚು. ದೋಣಿಯ ಹಿಂಭಾಗದ ಸೋನಾರ್ ಕಣ್ಣಿಗೆ ಬಿದ್ದ ಮೀನಿನ ಬಳಿಗೆ 65 ಅಡಿ ಹಿಂದಿರುವ ಬೈಟ್ ಬರಲು ಅರ್ಧ ನಿಮಿಷಕ್ಕೆ ಹತ್ತಿರ. ಪರದೆಯಲ್ಲಿ ಮೀನಿನ ಗುಂಪು ಕಂಡೊಡನೆ ದೋಣಿ ತಿರುಗಿಸುವ ಆಸೆ ಹುಟ್ಟುತ್ತದೆ, ಅದನ್ನು ಅಷ್ಟು ಹೊತ್ತು ತಡೆದುಕೊಳ್ಳಬೇಕು.

ನೇರ ಗೆರೆಯಲ್ಲಿ ಓಡುವುದಕ್ಕಿಂತ ಹಾವಿನ ನಡೆಯಲ್ಲಿ ಅಗಲವಾಗಿ ಬಳುಕುತ್ತ ಹೋಗುವುದು ಒಳ್ಳೆಯದು. ತಿರುವಿನಲ್ಲಿ ಹೊರಮಗ್ಗುಲಿನ ಬೈಟುಗಳ ವೇಗ ಹೆಚ್ಚುತ್ತದೆ, ಒಳಮಗ್ಗುಲಿನವು ನಿಧಾನವಾಗುತ್ತವೆ. ಹೊರಗಿನವಕ್ಕೇ ಮೀನು ಬೀಳುತ್ತಿದ್ದರೆ ಮೋಟಾರಿನ ವೇಗವನ್ನು ಒಂದು ಹಂತ ಏರಿಸುತ್ತೇನೆ, ಒಳಗಿನವಕ್ಕೆ ಬಿದ್ದರೆ ಇಳಿಸುತ್ತೇನೆ. ಜುಲೈನ ಸುಡುವ ನೀರಿನಲ್ಲಿ 1.8ರವರೆಗೂ ಹೋಗಿದ್ದೇನೆ. ಚೂಪಾದ ತಿರುವು ಮಾತ್ರ ಬೇಡ.

ಮೀನು ಬಿದ್ದಾಗ ಕೋಲನ್ನು ಝಾಡಿಸಬೇಕಿಲ್ಲ, ದೋಣಿಯ ಓಟವೇ ಗಾಳವನ್ನು ನಾಟಿರುತ್ತದೆ. ದೋಣಿಯನ್ನು ನಿಲ್ಲಿಸಲೂ ಬಾರದು, ನಿಲ್ಲಿಸಿದರೆ ಉಳಿದ ಮೂರು ಬೈಟುಗಳು ತೇಲಿ ಬಂದು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಕೋಲನ್ನು ಮೆಲ್ಲಗೆ ತೆಗೆದು, ಹತ್ತಿರ ಬರುವವರೆಗೆ ಮೀನನ್ನು ಹೊರಮಗ್ಗುಲಲ್ಲೇ ಇಟ್ಟು, ಒಂದೇ ಸಮನೆ ಸುತ್ತಬೇಕು. ಉದ್ದ ಹಿಡಿಯ, ರಬ್ಬರ್ ಲೇಪಿಸಿದ ಬಲೆ ಕೈಗೆಟುಕುವಲ್ಲಿರಲಿ. ಸಾದಾ ನೂಲಿನ ಬಲೆಯಲ್ಲಿ ಮೂರು ಮೊನೆಯ ಗಾಳಗಳು ಸಿಕ್ಕಿಕೊಂಡರೆ ಅರ್ಧ ಬೆಳಗು ಹಾಳು. ಕೋಲು ಹಿಂದಕ್ಕೆ ಬಿಲ್ಲಾಗಿ ಬಾಗಿ ರೀಲು ಕಿರುಚಿದರೆ ಸಂಭ್ರಮ ಬೇಡ, ಅದು ಬಹುತೇಕ ಕ್ಯಾಟ್‌ಫಿಶ್. ಕ್ರಾಪಿ ಕಚ್ಚಿದಾಗ ತುದಿಯ ಮಿಡಿತ ನಿಂತು ಕೋಲು ಸುಮ್ಮನೆ ತೂಗಿದಂತಾಗುತ್ತದೆ, ಅಷ್ಟೇ.

ಇಲ್ಲಿಯವರು ಕ್ರಾಪಿಯನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಯಲ್ಲಿ ಮುಳುಗಿಸಿ ಕರಿಯುತ್ತಾರೆ. ನಮ್ಮ ಮನೆಯಲ್ಲಿ ಬ್ಯಾಡಗಿ ಮೆಣಸಿನ ಪುಡಿ, ಹುಣಸೆ, ಅರಿಸಿನ ಹಚ್ಚಿ ಚಿರೋಟಿ ರವೆಯಲ್ಲಿ ಒತ್ತಿ ಕಾವಲಿಯ ಮೇಲೆ ಹುರಿಯುತ್ತೇವೆ. ಎರಡು ಬದಿಯ ಮಾಂಸ ಕತ್ತರಿಸಿ ತೆಗೆದರೆ ಕಾಟ್ಲಾ, ರೋಹುಗಳಲ್ಲಿರುವ ಸಣ್ಣ ಮುಳ್ಳಿನ ಕಾಟ ಇದರಲ್ಲಿಲ್ಲ, ಮಕ್ಕಳ ತಟ್ಟೆಗೆ ಧೈರ್ಯವಾಗಿ ಹಾಕಬಹುದು. ತುಂಡುಗಳು ತೆಳು, ಹೆಚ್ಚು ಬೇಯಿಸಿದರೆ ಒಣಗುತ್ತವೆ.

ಉಳಿದಿರುವ ಕೆಲಸ ಎರಡು. ಬಲಗಡೆಯ ಹಳಿಯನ್ನು ಆರಿಂಚು ಮುಂದಕ್ಕೆ ಸರಿಸಬೇಕು, ಗಿಡ್ಡ ಕೋಲಿನ ಹಿಡಿ ಎಂಜಿನ್ ತಿರುಗಿಸುವ ಸನ್ನೆಗೆ ಬಡಿಯುತ್ತಿದೆ. ಕೋಲುಗಳಿಗೆ ಹಿಡಿಯಿಂದ ಹಳಿಗೆ ಒಂದೊಂದು ಸುರಕ್ಷತಾ ಹುರಿ ಕಟ್ಟಬೇಕು. ಎನಿಡ್‌ನ ನೀರು ಇಳಿಯತೊಡಗುವ ಮೊದಲು ಇವೆರಡೂ ಮುಗಿದರೆ, ಹೊಸ ಮಟ್ಟಕ್ಕೆ ಆಳದ ಅಂಕಿಗಳನ್ನು ಪರೀಕ್ಷಿಸಲು ಎರಡು ವಾರಾಂತ್ಯಗಳು ಸಿಗುತ್ತವೆ.